ಬಾಯಿ ಬಿಟ್ಟ ಮೂಲೆ

ತನ್ನ ಅಂಗಡಿಯ ಷಟರನ್ನು ಸದ್ದಾಗದಂತೆ ಎತ್ತುವುದನ್ನು ಅವನು ಈಚೆಗೆ ಕಲಿತಿದ್ದ. ಬೀಗ ತೆಗೆದ ಕೂಡಲೆ ಜೇಬಿಗೆ ಹಾಕಿಕೊಳ್ಳಬೇಕು, ನೆಲದ ಮೇಲಿಟ್ಟರೆ ಠಣ್ ಎನ್ನುತ್ತದೆ. ಆಮೇಲೆ ಎರಡೂ ಕೈಯಿಂದ, ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ, ಸೊಂಟದ ಮಟ್ಟಕ್ಕೆ ಮಾತ್ರ ಎತ್ತಿ, ಬಗ್ಗಿ ನುಸುಳಿ, ಒಳಗಿನಿಂದ ಮತ್ತೆ ಇಳಿಸಬೇಕು. ಒಂದು ದಿನ ಹಾಲಿನವನು ಸೈಕಲ್ ನಿಲ್ಲಿಸಿ ಇದನ್ನೆಲ್ಲ ನೋಡುತ್ತಿದ್ದು, ಅವನ ಅರ್ಧ ದೇಹ ಒಳಗೂ ಅರ್ಧ ಹೊರಗೂ ಇದ್ದಾಗ, ‘ಏನ್ ಸಾರ್, ನಿಮ್ಮಂಗಡಿಗೆ ನೀವೇ ಕನ್ನ ಹಾಕ್ತಿದ್ದೀರಾ?’ ಎಂದಿದ್ದ. ಹೊರಗಿದ್ದ ಅರ್ಧ ಏನು ಉತ್ತರ ಕೊಡಬೇಕೆಂದು ತಿಳಿಯದೆ ಸುಮ್ಮನೆ ಒಳಗೆ ಹೋಗಿತ್ತು. ಆಮೇಲೆ ಇಡೀ ದಿನ ಅವನಿಗೆ ಸರಿಯಾದ ಉತ್ತರಗಳು ಒಂದೊಂದಾಗಿ ಹೊಳೆಯುತ್ತ ಹೋದವು. ಗ್ರೀಸ್ ಹಾಕಬೇಕು ಅನ್ನಬಹುದಿತ್ತು. ಬೆನ್ನಿಗೆ ವ್ಯಾಯಾಮ ಅನ್ನಬಹುದಿತ್ತು. ನಿಜವನ್ನು ಮಾತ್ರ ಹೇಳುವ ಹಾಗಿರಲಿಲ್ಲ. ತಾನು ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ ಬರುವುದರೊಳಗೆ, ಆ ಮನುಷ್ಯ ಹಿಂದಿನ ದಿನ ಮಾಡಿಟ್ಟುಹೋದ ಕೆಲಸವನ್ನೆಲ್ಲ ಬಿಚ್ಚಿ ಮೊದಲಿನಿಂದ ಮಾಡಿಡಬೇಕಾಗಿತ್ತು ಎಂದು ಯಾರಿಗಾದರೂ ಹೇಗೆ ಹೇಳುವುದು?

ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅದು. ಒಂದು ಕಡೆ ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಇನ್ನೊಂದು ಕಡೆ ಮರದ ಪಟ್ಟಿಗಳು, ಕರಿಯದು, ಬಂಗಾರದ ಬಣ್ಣದ್ದು, ಕೆತ್ತನೆಯದು. ನಡುವೆ ಮೇಜು. ಮೇಜಿನ ಮೇಲೆ ಪಟ್ಟಿಯನ್ನು ಓರೆಯಾಗಿ ಕೊಯ್ಯಲು ಸೀಳು ಬಿಟ್ಟ ಮರದ ಅಚ್ಚು, ಗರಗಸ, ಅಂಟಿನ ಡಬ್ಬಿ. ದೀಪ ಹಾಕಿದ್ದೇ ತಡ ಎಲ್ಲ ಗಾಜುಗಳಲ್ಲೂ ಅವನ ಮುಖ ಒಂದರ ಹಿಂದೊಂದು ಎದ್ದು ನಿಂತು, ಒಬ್ಬ ಕಳ್ಳನ ಜಾಗದಲ್ಲಿ ಒಂದು ತಂಡವೇ ಆಯಿತು. ಕಟ್ಟು ಹಾಕಿಸಲು ಬಂದಿದ್ದ ಫೋಟೋಗಳ ಮದುಮಕ್ಕಳು, ಪದವಿಯ ಟೋಪಿ ಹಾಕಿದ ಹುಡುಗಿ, ಯಾರದೋ ತೀರಿಕೊಂಡ ತಾತ, ಎಲ್ಲರೂ ಅವನನ್ನೇ ನೋಡಿದರು. ತಾತನನ್ನು ಅವನು ಗೋಡೆಯ ಕಡೆ ತಿರುಗಿಸಿಟ್ಟ. ಗರಗಸ ತೆಗೆದುಕೊಂಡಾಗ ಬಲಭುಜ ಛಳಕ್ ಎಂದಿತು. ತಮಾಷೆ ಏನೆಂದರೆ ಆಳನ್ನು ಇಟ್ಟುಕೊಂಡದ್ದೇ ಈ ಭುಜಕ್ಕೋಸ್ಕರ. ‘ಆ ಕೈಗೆ ಸ್ವಲ್ಪ ವಿಶ್ರಾಂತಿ ಕೊಡಿ, ಯಾರನ್ನಾದರೂ ಕೆಲಸಕ್ಕೆ ಇಟ್ಕೊಳ್ಳಿ’ ಎಂದು ಡಾಕ್ಟರು ಹೇಳಿದ್ದರು. ಇಟ್ಟುಕೊಂಡ ಮೇಲೆ ಪ್ರತಿ ಕಟ್ಟನ್ನೂ ಒಮ್ಮೆ ಬಿಚ್ಚಬೇಕು, ಒಮ್ಮೆ ಕಟ್ಟಬೇಕು. ನಿನ್ನೆ ರಾತ್ರಿ ಭುಜಕ್ಕೆ ಮುಲಾಮು ತಿಕ್ಕುತ್ತ ಹೆಂಡತಿ, ‘ರೀ, ನಾಳೆ ಹೇಳಿಬಿಡಿ ಅವರಿಗೆ, ಕೆಲಸ ಬಿಡಿ ಅಂತ. ಇಲ್ಲಾಂದ್ರೆ ಈ ಮುಲಾಮು ಅವರ ಕೈಲೇ ಹಚ್ಚಿಸ್ಕೊಳ್ಳಿ’ ಎಂದು ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಹಾಕಿದ್ದಳು.

ಹೇಳಿಬಿಡಬೇಕು. ಇವತ್ತು ಹೇಳಿಯೇಬಿಡಬೇಕು. ಮೊದಲ ಮೊಳೆ ಕೀಳುತ್ತ ಅವನು ಮಾತು ಜೋಡಿಸಿದ. ‘ನೋಡಿ, ನಿಮ್ಮ ಕೆಲಸದ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ.’ ಆಕ್ಷೇಪ ಇಲ್ಲದಿದ್ದರೆ ಯಾಕೆ ಬಿಡಿಸುವುದು? ‘ಅಂಗಡಿಯಲ್ಲಿ ಅಷ್ಟು ಕೆಲಸ ಇಲ್ಲ.’ ಆಗ ಹೋದ ವಾರ ಇನ್ನೊಬ್ಬಳನ್ನು ಯಾಕೆ ಸೇರಿಸಿಕೊಂಡಿರಿ ಎಂದು ಕೇಳಿದರೆ? ಆಕೆಯನ್ನು ಸೇರಿಸಿಕೊಂಡದ್ದಂತೂ ಇನ್ನೂ ದೊಡ್ಡ ಎಡವಟ್ಟು. ಇವರಿಗೆ ಬುದ್ಧಿ ಹೇಳಲು ತನ್ನಿಂದ ಆಗುವುದಿಲ್ಲ, ಪಕ್ಕದಲ್ಲಿ ಗಟ್ಟಿಯಾದವರೊಬ್ಬರು ಇದ್ದರೆ ಅವರಾದರೂ ಹೇಳಿಯಾರು ಎಂಬ ಲೆಕ್ಕಾಚಾರ. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಹಚ್ಚುತ್ತಿದ್ದ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಕಟ್ಟಿನ ಬೆನ್ನಿಗೆ ರಟ್ಟು ಇಟ್ಟು ಅದರ ಮೇಲೆ ಕಾಗದ ಅಂಟಿಸುವುದು ಆಕೆಯ ಕೆಲಸ. ಬಂದ ದಿನದಿಂದ ಆಕೆ ಯಾರಿಗೂ ಏನೂ ಹೇಳಿರಲಿಲ್ಲ. ಅವನನ್ನು ಮಾತ್ರ ಆಗಾಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು, ಅಂಟು ಹಿಡಿದಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

ಮತ್ತು ಆ ದೊಡ್ಡ ಮನುಷ್ಯರು. ಅವರನ್ನು ಬೀದಿಯವರೆಲ್ಲ ಕಂಡಕ್ಟರು ಎಂದೇ ಕರೆಯುತ್ತಿದ್ದರು, ಅವರು ಜೀವಮಾನವೆಲ್ಲ ಓಡಾಡಿದ್ದ ಬಸ್ಸಿನ ಕಂಪನಿ ಮುಚ್ಚಿಹೋದ ಮೇಲೂ. ಇವನಿಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯರು, ಎತ್ತರದ ಆಳು, ಗುಂಗುರು ಕೂದಲು, ಬೀದಿಯ ಈ ಕೊನೆಯಿಂದ ಆ ಕೊನೆಗೆ ಕೇಳಿಸುವ ಕಂಠ. ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂದು ಬರೆದು, ಬರೀ ಕಾಗದ ಅಂಟಿಸುವುದು ತನ್ನ ಕಸುಬಿಗೇ ಅವಮಾನವೆಂದು ಅದಕ್ಕೊಂದು ಚೆಂದದ ಕೆತ್ತನೆಯ ಕಟ್ಟು ಹಾಕಿ ಬಾಗಿಲಲ್ಲಿ ತೂಗುಹಾಕಿದ್ದ. ಬಂದವರೆಲ್ಲ ಆ ಕಟ್ಟು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರೇ ಹೊರತು ಕೆಲಸ ಕೇಳಲಿಲ್ಲ. ಕೊನೆಗೆ ಇವರು ಬಂದರು. ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ನಿಂತಿದ್ದ ಅವನನ್ನು ಕೇಳಿದರು: ‘ಎಷ್ಟು ವರ್ಷದಿಂದ ನಡೆಸ್ತಿದ್ದೀರಿ ಸಾರ್? ಇಷ್ಟು ದಿನ ಯಾರೂ ನಿಂತಿಲ್ವಾ ನಿಮ್ಮ ಹತ್ರ? ಯಾಕೆ, ಕೋಪ ಜಾಸ್ತೀನಾ?’ ಅವನು ಕೈಕಟ್ಟಿ ಒಂದೊಂದಕ್ಕೂ ಉತ್ತರ ಕೊಟ್ಟ. ಕೋಪ ಇಲ್ಲ ಎಂದ. ಕಂಡಕ್ಟರು ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ, ‘ಸರಿ, ನಾಳೆಯಿಂದ ನೋಡೋಣ’ ಎಂದರು. ತಾನು ಆಯ್ಕೆಯಾದೆ ಎಂಬ ಸಂತೋಷದಲ್ಲಿ ಅವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದ. ‘ಯಾರು ಯಾರನ್ನ ಇಟ್ಕೊಂಡ್ರಿ?’ ಎಂದು ಅವಳು ಅವತ್ತೇ ಕೇಳಿದ್ದಳು. ಅವತ್ತು ಅವನಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಕೆಲಸ ಕಲಿಸುವಾಗ ಮೊದಲ ತೊಡಕು ಬಂದದ್ದು ಗರಗಸದಿಂದಲ್ಲ, ವ್ಯಾಕರಣದಿಂದ. ತನಗೆ ಕೆಲಸ ಕಲಿಸಿದ ಮೇಸ್ತ್ರಿ ತನ್ನನ್ನು ‘ಲೇ’ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಲ್ಲ. ತಾನು ಯಾರನ್ನೂ ಹಾಗೆ ಕರೆಯಬಾರದೆಂದು ಅವನು ಚಿಕ್ಕಂದಿನಲ್ಲೇ ಪಣ ತೊಟ್ಟಿದ್ದ. ಅದೂ ಅಲ್ಲದೆ ಹಿರಿಯರನ್ನು ನೀನು ಎನ್ನುವುದು ಹೇಗೆ? ನೀವು ಎಂದು ಕರೆದರೆ ಅದರ ಹಿಂದೆ ‘ದಯವಿಟ್ಟು’ ಬರುತ್ತಿತ್ತು, ಅದರ ಹಿಂದೆ ‘ಬಿಡುವಾದಾಗ’, ಅದರ ಹಿಂದೆ ‘ಇಲ್ಲಾಂದ್ರೂ ಪರವಾಗಿಲ್ಲ’. ಹೀಗಾಗಿ ಅವನು ನೀನೂ ಇಲ್ಲದ ನೀವೂ ಇಲ್ಲದ, ಯಾರಿಗೂ ಸೇರದ ವಾಕ್ಯಗಳನ್ನು ಕಟ್ಟತೊಡಗಿದ. ‘ಆ ಗಾಜು ಒರೆಸಿದ್ದಿದ್ರೆ ಚೆನ್ನಾಗಿರ್ತಿತ್ತು’ ಎಂದು ಗಾಜಿಗೇ ಹೇಳುತ್ತಿದ್ದ. ‘ಹೌದು ಸಾರ್, ಚೆನ್ನಾಗಿರ್ತಿತ್ತು’ ಎಂದು ಕಂಡಕ್ಟರೂ ಮನಸಾರೆ ಒಪ್ಪುತ್ತಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಆ ಧೂಳು ಹಿಡಿದ ಗಾಜನ್ನು ಅನುಕಂಪದಿಂದ ನೋಡುತ್ತ ನಿಲ್ಲುತ್ತಿದ್ದರು. ಆಮೇಲೆ ಅವನೇ ಒರೆಸುತ್ತಿದ್ದ. ಮೇಸ್ತ್ರಿ ಬೈಯುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದರೆ ಸಾಕು, ಕೆಲಸದವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ನೆಟ್ಟಗಾಗುತ್ತಿದ್ದರು. ಅವನೂ ಒಂದು ದಿನ ಧೈರ್ಯ ಮಾಡಿ ಕಂಡಕ್ಟರ ಬೆನ್ನ ಹಿಂದೆ ನಿಂತು ಗಂಭೀರವಾಗಿ ಕೆಮ್ಮಿದ. ಕಂಡಕ್ಟರು ಗರಗಸ ಅಲ್ಲೇ ಬಿಟ್ಟು ಓಡಿಹೋಗಿ ಬಿಸಿನೀರು ತಂದರು. ‘ಧೂಳು ಸಾರ್, ಧೂಳು. ಬಾಯಿಗೆ ಬಟ್ಟೆ ಕಟ್ಕೊಳ್ಳಿ ಅಂತ ನಾನೇ ಹೇಳ್ಬೇಕು ಅಂತಿದ್ದೆ.’

ಗರಗಸದ ತೊಡಕೂ ಇತ್ತು. ಅಷ್ಟು ವರ್ಷ ಓಡುವ ಬಸ್ಸಿನಲ್ಲಿ ನಿಂತ ಕಾಲುಗಳು. ನೆಲ ಅಲುಗಾಡದಿದ್ದರೆ ಕಂಡಕ್ಟರಿಗೆ ನಿಲ್ಲಲು ಬರುತ್ತಿರಲಿಲ್ಲ. ಕಾಲು ಅಗಲಿಸಿ, ಇಲ್ಲದ ತಿರುವುಗಳಿಗೆ ಮೈಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸುತ್ತ ಕೊಯ್ಯುತ್ತಿದ್ದರು. ಪಟ್ಟಿಯೂ ಹಾಗೇ ವಾಲುತ್ತಿತ್ತು. ನಾಲ್ಕು ಮೂಲೆ ಸೇರಿಸಿದರೆ ಮೂರು ಸೇರಿ ನಾಲ್ಕನೆಯದು ಬಾಯಿ ಬಿಡುತ್ತಿತ್ತು. ಇದರ ಮೇಲೆ ಗಿರಾಕಿಗಳ ಜೊತೆ ಮಾತು. ಬಾಗಿಲಲ್ಲಿ ನಿಂತವರಿಗೆ ‘ಒಳಗೆ ಬನ್ನಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಲಬೇಡಿ’ ಎಂದು ಕೂಗುವರು. ಫೋಟೋ ಕೈಗೆ ತೆಗೆದುಕೊಂಡು, ‘ಇದಕ್ಯಾಕಮ್ಮ ಕಟ್ಟು? ಮೂಗೇ ಮಂಜಾಗಿದೆ. ಬೇರೆ ತೆಗೆಸ್ಕೊಂಡು ಬನ್ನಿ’ ಎಂದು ವಾಪಸು ಕಳಿಸುವರು. ವಿಚಿತ್ರವೆಂದರೆ ಅವರು ಬೇರೆ ತೆಗೆಸಿಕೊಂಡು ಬರುತ್ತಿದ್ದರು, ಜೊತೆಗೆ ಅಕ್ಕಪಕ್ಕದವರನ್ನೂ ಕರೆದುಕೊಂಡು. ಹೀಗೆ ಕೆಲಸ ಹೆಚ್ಚಿತು, ಬಾಯಿ ಬಿಟ್ಟ ಮೂಲೆಗಳೂ ಹೆಚ್ಚಿದವು. ಮೊದಲ ದಿನ ಅಂಥ ಒಂದು ಮೂಲೆಯನ್ನು ಕಂಡಾಗ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಂಡಕ್ಟರು ಅದನ್ನು ಎತ್ತಿ ಹಿಡಿದು, ‘ಹೆಂಗಿದೆ ಸಾರ್?’ ಎಂದು ಹಲ್ಲು ಬಿಟ್ಟು ನಿಂತಿದ್ದರು. ‘ಮೊದಲ ಸಲಕ್ಕೆ...’ ಎಂದ ಅವನು. ವಾಕ್ಯ ಮುಗಿಯಲಿಲ್ಲ. ಮುಗಿಯದ ವಾಕ್ಯವನ್ನು ಕಂಡಕ್ಟರು ಹೊಗಳಿಕೆ ಎಂದು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಬೇಗ ಬಂದು ಅವನು ಅದನ್ನು ಸರಿಮಾಡಿದ. ಬಂದ ಕಂಡಕ್ಟರು ನೋಡಿ, ‘ಅಂಟು ಒಣಗಿದ ಮೇಲೆ ಎಷ್ಟು ಚೆನ್ನಾಗಿ ಕೂತ್ಕೊಂಡಿದೆ ನೋಡಿ ಸಾರ್!’ ಎಂದು ಬೆರಗಾದರು. ಆ ಬೆರಗನ್ನು ಹಾಳುಮಾಡಲು ಮನಸ್ಸಾಗದೆ ಇನ್ನೊಂದು ಬೆಳಿಗ್ಗೆ ಬೇಗ ಬಂದ. ಅಷ್ಟೆ. ಅಲ್ಲಿಂದ ಮುಂದೆ ಕಾಲು ಜಾರುತ್ತಲೇ ಹೋಯಿತು.

ಎರಡು ಕಟ್ಟು ಮುಗಿಸಿ ಮೂರನೆಯದನ್ನು ಹುಡುಕಿದ. ಚರಣಿಗೆಯಲ್ಲಿ ಇರಲಿಲ್ಲ. ಮೇಜಿನ ಕೆಳಗೆ, ಪಟ್ಟಿಗಳ ಹಿಂದೆ, ಎಲ್ಲೂ ಇಲ್ಲ. ಕಡೆಗೆ ಕಂಡಿತು: ಕಂಡಕ್ಟರು ಅದನ್ನು ನಿನ್ನೆಯೇ ಕಂದು ಕಾಗದದಲ್ಲಿ ಸುತ್ತಿ, ಬಸ್ಸಿನ ಮೇಲೆ ಸಾಮಾನು ಬಿಗಿಯುವ ಹಾಗೆ ಉದ್ದಕ್ಕೂ ಅಡ್ಡಕ್ಕೂ ಹುರಿ ಬಿಗಿದು, ಮೇಲೆ ‘ಹೆಡ್ಮೇಡಂ’ ಎಂದು ದಪ್ಪಗೆ ಬರೆದಿಟ್ಟಿದ್ದರು. ಆ ಗಂಟುಗಳನ್ನು ಬಿಚ್ಚಬಹುದಿತ್ತು, ಮತ್ತೆ ಹಾಗೇ ಹಾಕುವುದು ಅವನ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಉಗುರಿನಿಂದ ಒಂದನ್ನು ಎಳೆದು ನೋಡುತ್ತಿದ್ದಾಗಲೇ ಷಟರು ಧಡಾರನೆ ಮೇಲೆ ಹೋಯಿತು. ಬೆಳಕಿನಲ್ಲಿ ಕಂಡಕ್ಟರು ನಿಂತಿದ್ದರು, ಹಿಂದೆ ಅಂಟಿನಾಕೆ.

‘ಏನ್ ಸಾರ್, ಇಷ್ಟು ಬೇಗ?’

‘ಹೀಗೇ... ನಿದ್ದೆ ಬರಲಿಲ್ಲ.’

‘ತಲೇಲಿ ಹೊಟ್ಟಿದೆ ಸಾರ್, ಮರದ್ದು.’

‘ನಿನ್ನೇದಿರಬೇಕು.’

‘ನಿನ್ನೆಯಿಂದ ತಲೆ ಬಾಚಿಲ್ವಾ?’ ಎಂದು ಕಂಡಕ್ಟರು ನಿಜವಾದ ಕಾಳಜಿಯಿಂದ ಕೇಳಿದರು. ಅಂಟಿನಾಕೆ ನೆಲದ ಮೇಲಿದ್ದ ಹೊಸ ಹೊಟ್ಟನ್ನು ಚಪ್ಪಲಿಯ ತುದಿಯಿಂದ ಸ್ವಲ್ಪ ಸರಿಸಿ ನೋಡಿದಳು.

ಮಧ್ಯಾಹ್ನದವರೆಗೆ ಅವನು ಹಲವು ಸಲ ಹೊರಟ. ‘ಒಂದ್ನಿಮಿಷ, ಒಂದು ವಿಷಯ’ ಎಂದು ಆರಂಭಿಸಿದರೆ ಯಾರೋ ಗಿರಾಕಿ ಬರುವರು. ಗಿರಾಕಿ ಇಲ್ಲದಾಗ ತನಗೇ ಬಾಯಾರಿಕೆ. ಎರಡೂ ಇಲ್ಲದ ಒಂದು ಅಪಾಯಕಾರಿ ಬಿಡುವಿನಲ್ಲಿ ಅವನು ಮೇಜಿನ ಅಂಚು ಹಿಡಿದು ಬಾಯಿ ತೆರೆದದ್ದೂ ಆಯಿತು. ಅಷ್ಟರಲ್ಲಿ ಕಂಡಕ್ಟರೇ, ‘ಸಾರ್, ನಿಮಗೊಂದು ವಿಷಯ ಹೇಳೋದು ಮರ್ತೆ’ ಎಂದರು. ಹೋದ ಭಾನುವಾರ ತಮ್ಮ ಮನೆಯ ಫೋಟೋ ಒಂದಕ್ಕೆ ಇಲ್ಲಿ ಕಟ್ಟು ಹಾಕಿದ್ದರಲ್ಲ, ಅದನ್ನು ನೋಡಿ ಮನೆಯಾಕೆ ನಂಬಲೇ ಇಲ್ಲವಂತೆ. ‘ನನ್ನ ಕೈಯಿಂದ ಒಂದು ಮೊಳೆ ನೆಟ್ಟಗೆ ಹೋಗಿದ್ದನ್ನ ಅವಳು ಕಂಡಿಲ್ಲ ಸಾರ್. ಮೂಲೆ ಮೇಲೆ ಕೈ ಆಡಿಸಿ ಆಡಿಸಿ ನೋಡಿದ್ಲು. ಇಷ್ಟು ವಯಸ್ಸಾದ್ಮೇಲೆ ಒಂದು ಕಸುಬು ಬಂತಲ್ರೀ ಅಂದ್ಲು.’ ಕಂಡಕ್ಟರ ದೊಡ್ಡ ಕಂಠ ಅದೊಂದು ಮಾತಿಗೆ ಸಣ್ಣದಾಗಿತ್ತು. ಅವನು ಮೇಜಿನ ಅಂಚನ್ನು ಬಿಟ್ಟ. ಆ ಮೂಲೆ ಅವನಿಗೆ ಚೆನ್ನಾಗಿ ನೆನಪಿತ್ತು. ಸೋಮವಾರ ಕೊಂಡೊಯ್ಯುತ್ತೇನೆಂದು ಕಂಡಕ್ಟರು ಅಂಗಡಿಯಲ್ಲೇ ಬಿಟ್ಟುಹೋಗಿದ್ದನ್ನು ಸೋಮವಾರ ಬೆಳಿಗ್ಗೆ ಬಂದು, ಉಳಿದವಕ್ಕಿಂತ ಹೆಚ್ಚು ಆಸ್ಥೆಯಿಂದ, ಉಜ್ಜುಕಾಗದದಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದ. ಆ ಹೆಂಗಸು ಕೈಯಾಡಿಸಿದ್ದು ತನ್ನ ಮೂಲೆಯ ಮೇಲೆ ಎಂದು ಹೊಳೆದಾಗ ಅವನಿಗೆ, ಪರರ ಮನೆಯ ಬಚ್ಚಲಿಗೆ ತಿಳಿಯದೆ ಬಾಗಿಲು ತೆಗೆದವನಿಗೆ ಆಗುವಂಥ ನಾಚಿಕೆಯಾಯಿತು. ಒಳ್ಳೆಯತನವೆಂದು ಮಾಡಿದ್ದು ಇಷ್ಟು ಕಳ್ಳತನದ ವಾಸನೆ ಹೊಡೆಯುವುದೇಕೆ? ಅದು ಒಳ್ಳೆಯತನವೇ ಆಗಿತ್ತೋ, ಇಲ್ಲ, ಎದುರಿಗೆ ನಿಂತು ಒಂದು ಮಾತಾಡುವ ಕಷ್ಟ ತಪ್ಪಿಸಿಕೊಳ್ಳಲು ಭುಜವನ್ನು ಲಂಚ ಕೊಡುತ್ತಿದ್ದನೋ?

ಆಗ ಹೆಡ್ಮೇಡಂ ಬಂದರು. ಊರಿನ ಅರ್ಧ ಜನಕ್ಕೆ ಪಾಠ ಹೇಳಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ, ತೆಳ್ಳನೆಯ ದೇಹ, ಚೀಲವನ್ನು ಎದೆಗೆ ಅವುಚಿಕೊಂಡು ನಡೆಯುವವರು. ಅವರು ಕಟ್ಟು ಹಾಕಿಸಲು ಕೊಟ್ಟಿದ್ದು ತಮ್ಮದೇ ಫೋಟೋ. ‘ನಾನು ಹೋದ ಮೇಲೆ ನಮ್ಮನೇಲಿ ಯಾವುದೋ ಗುರುತಿನ ಚೀಟಿ ಫೋಟೋ ದೊಡ್ಡದು ಮಾಡಿಸಿ ತೂಗುಹಾಕ್ತಾರೆ. ಅದರಲ್ಲಿ ನಾನು ಕಳ್ಳಿ ಥರ ಇದ್ದೀನಿ. ಅದಕ್ಕೇ ಈಗಲೇ ಒಂದು ಆರಿಸಿಟ್ಟುಬಿಡ್ತೀನಿ’ ಎಂದು ಕೊಡುವಾಗಲೇ ಹೇಳಿದ್ದರು. ಅದೇನೂ ಬೇರೆ ತೆಗೆಸಿದ್ದಲ್ಲ. ಮನೆಯವರೆಲ್ಲ ಕಿಕ್ಕಿರಿದು ನಿಂತಿದ್ದ ಗುಂಪಿನ ಫೋಟೋ ಒಂದರಿಂದ ಅವರನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಎಡಕ್ಕೆ ಯಾರದೋ ಮೊಣಕೈ, ಬಲಕ್ಕೆ ಯಾರದೋ ಹೊಟ್ಟೆ, ತಲೆಯ ಮೇಲೆ ಯಾರದೋ ಗಡ್ಡ ಉಳಿದುಕೊಂಡಿದ್ದವು.

‘ಬನ್ನಿ ಮೇಡಂ, ಒಳಗೆ ಬನ್ನಿ, ಸೀಟು ಖಾಲಿ ಇದೆ’ ಎಂದು ಕಂಡಕ್ಟರು ಕುರ್ಚಿ ಎಳೆದರು. ಅವನು ಕಟ್ಟಿನ ಕಡೆಗೆ ಧಾವಿಸಿ, ‘ಇದು ಇನ್ನೂ ಒಣಗಬೇಕು, ನಾಳೆ...’ ಎನ್ನುವಷ್ಟರಲ್ಲಿ ಕಂಡಕ್ಟರು ಒಂದೇ ಎಳೆತಕ್ಕೆ ಎಲ್ಲ ಗಂಟುಗಳನ್ನೂ ಬಿಡಿಸಿ, ಕಾಗದ ತೆಗೆದು, ಮೇಡಂ ಕೈಗೆ ಕೊಟ್ಟುಬಿಟ್ಟರು. ಮೇಡಂ ಕನ್ನಡಕ ಏರಿಸಿ ನೋಡಿದರು. ಮುಖವನ್ನು ನೋಡಲಿಲ್ಲ. ಕೆಳಗಿನ ಬಲಮೂಲೆಗೆ ಹೋಗಿ, ಹೆಬ್ಬೆರಳಿನ ಉಗುರನ್ನು ಇಟ್ಟರು. ಉಗುರು ಒಳಗೆ ಹೋಯಿತು.

‘ಇದೇನಿದು?’

ಕಂಡಕ್ಟರು ಬಗ್ಗಿ ನೋಡಿದರು. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ, ಬರೀ ಆಶ್ಚರ್ಯ. ‘ಹಿಂಗಾಗೋದೇ ಇಲ್ಲ ಮೇಡಂ. ನಂದು ಯಾವುದೂ ಹಿಂಗಾಗಿಲ್ಲ. ಗಾಳಿಗೆ ಮರ ಎಳ್ಕೊಂಡಿರಬೇಕು. ಅಲ್ವಾ ಸಾರ್?’

‘ಹೌದು. ಹವೆ. ಹವೆ ಸ್ವಲ್ಪ...’ ಎಂದ ಅವನು.

‘ಹವೆ ಅಲ್ಲ’ ಎಂದಳು ಅಂಟಿನಾಕೆ. ಬಂದ ವಾರದಲ್ಲಿ ಆಕೆ ಆಡಿದ ಮೊದಲ ದೊಡ್ಡ ಮಾತು ಅದು. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತ, ಯಾವ ಸಿಟ್ಟೂ ಇಲ್ಲದೆ ಹೇಳಿದಳು: ‘ನಾನು ಸಂಜೆ ಹಚ್ಚಿದ ಅಂಟು ದಿನಾ ಬೆಳಿಗ್ಗೆ ಹಸಿ ಇರತ್ತೆ. ಅಂಟು ಒಣಗತ್ತೆ, ಒಣಗಿದ್ದು ಹಸಿಯಾಗಲ್ಲ. ನಿಮ್ಮದನ್ನೆಲ್ಲ ಸಾರ್ ಬಿಚ್ಚಿ ಮತ್ತೆ ಕಟ್ತಾರೆ. ಇದೊಂದನ್ನ ಬಿಚ್ಚಿಲ್ಲ. ಗಂಟು ಬಿಚ್ಚಕ್ಕೆ ಬಂದಿಲ್ಲ ಅಂತ ಕಾಣತ್ತೆ.’

ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸುತ್ತ ಹೋಯಿತು. ಎಲ್ಲ ಗಾಜುಗಳಲ್ಲೂ ಕಂಡಕ್ಟರು ಒಟ್ಟಿಗೆ ಅವನ ಕಡೆ ತಿರುಗಿದರು.

‘ಎಲ್ಲಾನೂವಾ ಸಾರ್?’

‘ಎಲ್ಲ ಅಂತೇನಲ್ಲ...’

‘ಯಾವುದನ್ನ ಬಿಟ್ರಿ?’

ಅವನು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ಯತ್ನಿಸಿದ. ಕಡೆಗೆ ಮೇಡಂ ಕೈಯಲ್ಲಿದ್ದ ಕಟ್ಟನ್ನು ತೋರಿಸಿ, ‘ಇದನ್ನ’ ಎಂದ.

‘ನಮ್ಮನೇದು?’

ಅವನು ಚಪ್ಪಲಿ ನೋಡಿಕೊಂಡ.

ಕಂಡಕ್ಟರು ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕೆಲಸಕ್ಕೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ಒರೆಸುವ ಬಟ್ಟೆಯನ್ನು ಬಿಚ್ಚಿ, ಟಿಕೆಟ್ಟಿನ ಚೀಲ ಮಡಿಸುವ ಹಾಗೆ ಮೂರು ಮಡಿಕೆ ಮಡಿಸಿದರು. ‘ಬಸ್ಸಲ್ಲಿ ನನ್ನ ಬೈಯದೇ ಇರೋರು ಯಾರಿದ್ರು ಸಾರ್? ಡ್ರೈವರು ಬೈತಿದ್ದ, ಚೆಕಿಂಗ್‌ನೋರು ಬೈತಿದ್ರು, ಚಿಲ್ಲರೆಗೆ ಮುದುಕೀರು ಬೈತಿದ್ರು. ಬೈದು ಆದ್ಮೇಲೆ ಸರ್ಕೊಂಡು ಜಾಗ ಬಿಡ್ತಿದ್ರು, ಕೂತ್ಕೋ ಕಂಡಕ್ಟರೇ ಅಂತ. ನೀವು ಒಂದಿನಾನೂ ಬೈಲಿಲ್ಲ. ನಾನೇನೋ ಭಾಳ ಒಳ್ಳೆ ಕೆಲಸಗಾರ ಅಂದ್ಕೊಂಡೆ. ಬೈಯೋಕೂ ಲಾಯಕ್ಕಿಲ್ಲದೋನು ಅಂತ ಗೊತ್ತಿರ್ಲಿಲ್ಲ.’ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಮೇಡಂಗೆ ತಲೆಬಾಗಿ, ಬಾಗಿಲ ಕಡೆ ನಡೆದರು.

ಮೊದಲು ಅವನಿಗೆ ಆದದ್ದು, ನಾಚಿಕೆಯ ಸಂಗತಿಯೆಂದರೆ, ಸಮಾಧಾನ. ಹೆಂಡತಿ ಹೇಳಿದ ಕೆಲಸ ತಾನೇ ತಾನಾಗಿ, ತಾನು ಒಂದು ಮಾತೂ ಆಡದೆ, ಮುಗಿದೇ ಹೋಗಿತ್ತು. ಇನ್ನು ಬೆಳಿಗ್ಗೆ ನುಸುಳಬೇಕಿಲ್ಲ. ಅಂಗಡಿ ಮತ್ತೆ ತನ್ನದು. ಗಾಜು, ಮರ, ಮೌನ. ಆ ಮೌನ ಹೇಗಿರುತ್ತದೆಂದು ಒಂದು ಗಳಿಗೆ ಕೇಳಿಸಿಕೊಂಡ. ಬಾಗಿಲಲ್ಲಿ ನಿಂತ ಗಿರಾಕಿ ಒಳಗೆ ಬರಲೋ ಬೇಡವೋ ಎಂದು ನಿಂತೇ ಇದ್ದು ಹೊರಟುಹೋಗುವ ಮೌನ ಅದು, ವರ್ಷಗಟ್ಟಲೆ ಕೇಳಿದ್ದದ್ದು. ಕಂಡಕ್ಟರ ಬೆನ್ನು ಬಾಗಿಲಿನಷ್ಟೇ ಅಗಲವಾಗಿತ್ತು. ಹೋಗುವಾಗಲೂ ಅದು ಇಲ್ಲದ ತಿರುವಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಆ ವಾಲಾಟ ನೋಡಿ ಅವನೊಳಗೆ ಏನೋ ಕಿತ್ತುಕೊಂಡು ಬಂತು. ಅದು ದುಃಖವಲ್ಲ, ಸಿಟ್ಟು. ಎಷ್ಟೋ ಬೆಳಗುಗಳ, ಅಪ್ಪಟ ಸಿಟ್ಟು.

‘ಎಲ್ಲಿಗಯ್ಯಾ ಹೊರಟೆ?’

ಏಕವಚನ ನೆಲದ ಮೇಲೆ ಬಿದ್ದ ಗಾಜಿನಂತೆ ಸದ್ದು ಮಾಡಿತು. ಕಂಡಕ್ಟರು ತಿರುಗಿದರು. ಅವನಿಗೇ ಗಾಬರಿಯಾಗಿತ್ತು, ಆದರೆ ಬಾಯಿ ನಿಲ್ಲಲಿಲ್ಲ. ‘ಮಾಡಿದ್ದನ್ನ ಸರಿ ಮಾಡದೆ ಎಲ್ಲಿಗೆ ಹೊರಟೆ? ಗರಗಸ ಹಿಡಿಯೋ ರೀತೀನಾ ಅದು? ಮನುಷ್ಯ ನಿಂತ್ಕೋಬೇಕು, ತೂಗಾಡಬಾರದು! ನೆಲ ಗಟ್ಟಿ ಇದೆ, ನೆಲ! ಕೊಯ್ಯುವಾಗ ಪಟ್ಟಿ ನೋಡಬೇಕು, ಬೀದೀಲಿ ಹೋಗೋ ಅಜ್ಜೀನ ನೋಡಬಾರದು! ಗಾಜಿನ ಮೇಲೆ ಉಸಿರು ಬಿಡೋದು, ಒರೆಸು ಅಂದ್ರೆ ಚೆನ್ನಾಗಿರ್ತಿತ್ತು ಅನ್ನೋದು! ನನ್ನ ಭುಜ ಹೋಯ್ತು, ನಿದ್ದೆ ಹೋಯ್ತು, ನಮ್ಮ ಬೀದಿ ಹಾಲಿನವನು ನನ್ನ ಕಳ್ಳ ಅಂತಿದ್ದಾನೆ!’ ಉಸಿರು ಕಟ್ಟಿ ನಿಲ್ಲಿಸಿದ. ಆಮೇಲೆ, ತಡವಾಗಿ, ‘...ಅಂತಿದ್ದಾನೆ ರೀ’ ಎಂದು ಸೇರಿಸಿದ.

‘ಮುಂದುವರಿಸಿ’ ಎಂದರು ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತು. ‘ನನಗೇನೂ ಅವಸರ ಇಲ್ಲ.’

ಕಂಡಕ್ಟರು ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ನಿಧಾನವಾಗಿ ಸಡಿಲಗೊಂಡಿತು. ‘ತೂಗಾಡ್ತೀನಾ ನಾನು?’

‘ಸಿಕ್ಕಾಪಟ್ಟೆ’ ಎಂದಳು ಅಂಟಿನಾಕೆ.

‘ಇದನ್ನ ಮೊದಲನೇ ದಿನಾನೇ ಹೇಳಕ್ಕೇನಾಗಿತ್ತು ಸಾರ್ ನಿಮಗೆ? ಬಾಯಲ್ಲಿ ಕಡುಬಿಟ್ಕೊಂಡಿದ್ರಾ?’ ಎನ್ನುತ್ತ ಕಂಡಕ್ಟರು ವಾಪಸು ಬಂದು, ಮಡಿಸಿದ್ದ ಬಟ್ಟೆಯನ್ನು ಒದರಿ, ಮತ್ತೆ ಸೊಂಟಕ್ಕೆ ಸುತ್ತಿಕೊಂಡರು. ಮೇಡಂ ಕೈಯಿಂದ ಕಟ್ಟು ಇಸಿದುಕೊಂಡು ಮೊಳೆ ಕಿತ್ತರು.

ಹೇಳುವುದಕ್ಕಿಂತ ಕಷ್ಟವಾದದ್ದು ಗರಗಸ ಕಸಿದುಕೊಳ್ಳದೆ ನಿಲ್ಲುವುದು. ಅವನ ಕೈ ಮತ್ತೆ ಮತ್ತೆ ಮುಂದೆ ಹೋಗುತ್ತಿತ್ತು, ಅಂಟಿನಾಕೆ ಕುಂಚದ ಹಿಡಿಯಿಂದ ಅದರ ಮೇಲೆ ಮೆಲ್ಲಗೆ ಬಡಿಯುತ್ತಿದ್ದಳು. ಕಂಡಕ್ಟರು ವಾಲದಂತೆ ಇರಲು ಬೇರೆ ದಾರಿ ಕಾಣದೆ ಅವನು ಹಿಂದಿನಿಂದ ಅವರ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಕೆನ್ನೆ ಅವರ ಬೆನ್ನಿಗೆ ತಾಗಿತು, ಬೆವರಿನ ಮತ್ತು ಮರದ ಹೊಟ್ಟಿನ ವಾಸನೆ. ‘ಬಸ್ಸು ನಿಂತಿದೆ ಅಂದ್ಕೊಳ್ಳಿ’ ಎಂದ ಬೆನ್ನಿಗೆ.

‘ನಿಂತ ಬಸ್ಸಲ್ಲಿ ಕಂಡಕ್ಟರಿಗೇನು ಕೆಲಸ ಸಾರ್? ಇಳಿದು ಟೀ ಕುಡೀತಾನೆ.’

‘ಮಾತು ಬೇಡ, ಪಟ್ಟಿ ನೋಡಿ.’

ಮೂಲೆ ಸೇರಲಿಲ್ಲ. ಮತ್ತೆ ಕೊಯ್ದರು. ಪ್ರತಿ ಸಲ ಕೊಯ್ದಾಗಲೂ ಪಟ್ಟಿ ಅರ್ಧ ಬೆರಳು ಗಿಡ್ಡವಾಗುತ್ತಿತ್ತು, ಕಟ್ಟು ಚಿಕ್ಕದಾಗುತ್ತಿತ್ತು. ಹೊಸ ಪಟ್ಟಿ ತೆಗೆಯೋಣವೆಂದರೆ ಮೇಡಂ ಆರಿಸಿದ್ದ ಬಣ್ಣದಲ್ಲಿ ಉಳಿದದ್ದು ಅದೇ. ಅವನು ಸಂಕೋಚದಿಂದ ಮೇಡಂ ಎದುರು ನಿಂತು, ಫೋಟೋದ ಅಂಚನ್ನು ಸ್ವಲ್ಪ ಕತ್ತರಿಸಬೇಕಾಗುತ್ತದೆ ಎಂದ.

‘ಎಡಗಡೆಯಿಂದ ಕತ್ತರಿಸಿ’ ಎಂದರು ಮೇಡಂ. ‘ಅದು ನಮ್ಮ ಸೊಸೆ ಮೊಣಕೈ.’

ಎರಡನೆಯ ಸಲ ಬಲಗಡೆಯ ಹೊಟ್ಟೆ ಹೋಯಿತು. ‘ತಮ್ಮ ನನ್ನವನು. ಎಲ್ಲಿ ನಿಂತ್ರೂ ಎರಡು ಜನದ ಜಾಗ ತಗೋತಾನೆ.’ ಮೂರನೆಯ ಸಲ ಕಂಡಕ್ಟರು ಉಸಿರು ಬಿಗಿಹಿಡಿದು, ಮೊದಲ ಬಾರಿಗೆ ಬೀದಿಯ ಕಡೆ ನೋಡದೆ ಕೊಯ್ದರು. ಒಂದು ಕೂದಲಿನಷ್ಟು ಮಾತ್ರ ಸಂದು ಉಳಿಯಿತು. ಸಾಕು ಎಂದು ಅವನು ಹೇಳುವುದರಲ್ಲಿದ್ದ. ಮೇಡಂ ಕತ್ತು ಉದ್ದ ಮಾಡಿ ನೋಡಿ, ‘ಅಳಿಯನ ಗಡ್ಡ ಇನ್ನೂ ಇದೆಯಲ್ಲ’ ಎಂದರು. ಆದ್ದರಿಂದ ನಾಲ್ಕನೆಯ ಸಲವೂ ಕೊಯ್ದರು. ಆಗ ಮೂಲೆ ಸೇರಿತು. ಕಂಡಕ್ಟರು ಅದರ ಮೇಲೆ ಬೆರಳಾಡಿಸಲಿಲ್ಲ. ಅವನ ಕಡೆ ಚಾಚಿ, ‘ನೀವು ನೋಡಿ’ ಎಂದರು. ಅವನು ಉಗುರಿಟ್ಟು ನೋಡಿದ. ಉಗುರು ಒಳಗೆ ಹೋಗಲಿಲ್ಲ. ಹೊಗಳಬೇಕೆಂದುಕೊಂಡ, ಬೈಗುಳದಷ್ಟು ಸುಲಭವಾಗಿ ಅದು ಬರಲಿಲ್ಲ. ‘ಹೂಂ’ ಎಂದ. ಕಂಡಕ್ಟರಿಗೆ ಅಷ್ಟೇ ಸಾಕಾಯಿತು.

ದೊಡ್ಡ ಫೋಟೋ ಎಂದು ಬಂದದ್ದು ಒಂದು ಪುಸ್ತಕದಷ್ಟಾಗಿತ್ತು. ಒಳಗೆ ಮೇಡಂ ಒಬ್ಬರೇ, ಯಾರ ಕೈಯೂ ತಾಗದೆ, ಯಾರ ಗಡ್ಡವೂ ಇಲ್ಲದ ಬಿಳಿಯ ಗೋಡೆಯ ಮುಂದೆ ಕೂತಿದ್ದರು. ಅವರು ಅದನ್ನು ತೋಳು ಚಾಚಿದಷ್ಟು ದೂರ ಹಿಡಿದು ಬಹಳ ಹೊತ್ತು ನೋಡಿದರು. ‘ಇಷ್ಟು ಆರಾಮಾಗಿ ನಾನು ಯಾವತ್ತೂ ಕೂತಿರಲಿಲ್ಲ’ ಎಂದು, ಸುತ್ತಲು ಕಾಗದವೂ ಬೇಡವೆಂದು, ಚೀಲದ ಜೊತೆಗೆ ಎದೆಗವುಚಿಕೊಂಡು ಹೊರಟರು.

ಸಂಜೆ ಷಟರು ಎಳೆಯುವಾಗ ಕಂಡಕ್ಟರು ಅವನ ಮುಂದೆ ಕೈ ಚಾಚಿ, ‘ಬೀಗದ ಕೈ’ ಎಂದರು. ಅವನು ಕೊಟ್ಟುಬಿಟ್ಟ ಮೇಲೆ ಯಾಕೆ ಎಂದು ಕೇಳಿದ. ‘ನಾಳೆಯಿಂದ ನಾನು ತೆಗೀತೀನಿ. ನೀವು ಬೇಗ ಬರೋ ಹಾಗಿಲ್ಲ. ಬಂದ್ರೆ ಈಯಮ್ಮನ ಅಂಟು ಹೇಳುತ್ತೆ, ನೆನಪಿರಲಿ.’ ಅಂಟಿನಾಕೆ ಹೌದೆಂದು ತಲೆಯಾಡಿಸಿದಳು.

ಮರುದಿನ ಎಂದಿನ ಹೊತ್ತಿಗೇ ಎಚ್ಚರವಾಯಿತು. ಅವನು ಎದ್ದು ಕೂತ, ಜೇಬು ಮುಟ್ಟಿಕೊಂಡ, ಮತ್ತೆ ಮಲಗಿದ. ಈ ಹೊತ್ತಿನಲ್ಲಿ ಮನೆ ಹೇಗಿರುತ್ತದೆಂದೇ ಅವನಿಗೆ ಮರೆತುಹೋಗಿತ್ತು. ಹೆಂಡತಿ ಮಗ್ಗುಲು ಹೊರಳಿ, ‘ಇವತ್ತು ಹೋಗಲ್ವಾ?’ ಎಂದಳು.

‘ಬೇಗ ಬರಬೇಡಿ ಅಂದಿದ್ದಾರೆ.’

‘ಯಾರು?’

‘ಅವರೇ. ಕಂಡಕ್ಟರು.’

ಅವಳು ಮೊಣಕೈ ಊರಿ ಅರ್ಧ ಎದ್ದು ಅವನ ಮುಖ ನೋಡಿದಳು. ‘ಹೇಳ್ತೀನಿ ಅಂತ ಹೋಗಿದ್ರಲ್ಲ. ಏನ್ರೀ ಆಯ್ತು? ನೀವು ಅವರನ್ನ ಬಿಡಿಸಿದ್ರೋ, ಅವರು ನಿಮ್ಮನ್ನ ಬಿಡಿಸಿದ್ರೋ?’

ನ್ಯಾಯವಾದ ಪ್ರಶ್ನೆ. ಅವನು ಕಣ್ಣು ಮುಚ್ಚಿಕೊಂಡು ನಡೆದದ್ದನ್ನೆಲ್ಲ ಮೊದಲಿನಿಂದ ಯೋಚಿಸತೊಡಗಿದ. ಸರಿಯಾದ ಉತ್ತರ ಎಲ್ಲೋ ಹತ್ತಿರದಲ್ಲೇ ಇದೆ, ಇನ್ನೇನು ಸಿಕ್ಕಿಬಿಡುತ್ತದೆ ಎನ್ನಿಸಿತು. ‘ಹೇಳ್ತೀನಿ ಇರು’ ಎಂದ. ಅವಳು ಕಾದಳು. ಸ್ವಲ್ಪ ಹೊತ್ತಿನಲ್ಲೇ ಅವನ ಗೊರಕೆ ಕೇಳಿಸಿತು.